ಎಂಜಿನ್ ಜೊತೆ ಅದನ್ನು ಓಡಿಸುವವರೂ ಉಳಿಯಲಿ

ಮಾನ್ಯರೇ,

ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಬರ್ನ್ಲಿ ಊರಿನಲ್ಲಿರುವ ಕ್ವೀನ್ ಸ್ಟ್ರೀಟ್ ಎಂಬ ಬಟ್ಟೆ ಮಿಲ್‌ನಲ್ಲಿ 1895ರ ಸ್ಟೀಮ್ ಎಂಜಿನ್ ಒಂದಿದೆ. 500 ಅಶ್ವಶಕ್ತಿಯದು. ಮೊದಲು ‘ಪ್ರುಡೆನ್ಸ್’ ಎಂಬ ಹೆಸರಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ‘ಪೀಸ್’ ಅಂತ ಬದಲಾಯಿಸಿದರು. 1982ರಲ್ಲಿ ಮಿಲ್ ಮುಚ್ಚಿತು, ಆಮೇಲೆ ಮ್ಯೂಸಿಯಂ ಆಯಿತು. 2016ರಲ್ಲಿ ಅಲ್ಲಿನ ಕೌಂಟಿ ಕೌನ್ಸಿಲ್ ಖರ್ಚು ಉಳಿಸಲು ಅದಕ್ಕೂ ಬೀಗ ಜಡಿಯಿತು. ಮತ್ತೆ ತೆರೆದದ್ದು 2018ರಲ್ಲಿ, ಅದೂ ಸೀಮಿತ ದಿನಗಳಲ್ಲಿ.

‘ಕಬ್ಬಿಣ ತಾನೇ, ಎಲ್ಲಿಗೆ ಹೋಗುತ್ತೆ? ದುಡ್ಡು ಬಂದಾಗ ನೋಡೋಣ’ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಬಾಯ್ಲರ್ ಕೆಲಸ ಮಾಡಿ ನಿವೃತ್ತನಾದ ನಾನು ಇದನ್ನು ಒಪ್ಪಲಾರೆ. ನಿಂತ ಬಾಯ್ಲರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಪಿಸ್ಟನ್ ರಾಡಿನ ಸುತ್ತ ಹಬೆ ಸೋರದಂತೆ ತುಂಬುವ ಪ್ಯಾಕಿಂಗ್ ಒಣಗಿ ಬಿರುಸಾಗುತ್ತದೆ. ಅದಕ್ಕಿಂತ ಜಾಸ್ತಿ ನಷ್ಟ ಅಂದರೆ, ಎಂಜಿನ್ ಓಡಿಸಬಲ್ಲ ಕೈಗಳು ಮನೆ ಸೇರುತ್ತವೆ.

ಮ್ಯೂಸಿಯಂ ಮುಚ್ಚುವ ಮೊದಲು, ಮಗಳ ಮನೆಗೆ ಹೋದಾಗ ಕ್ವೀನ್ ಸ್ಟ್ರೀಟಿನ ಈ ಎಂಜಿನ್ ಓಡುವುದನ್ನು ನೋಡಿದ್ದೆ. ಎಂಜಿನ್ ನೋಡಿಕೊಳ್ಳುವವರು ಮೊದಲು ಸಿಲಿಂಡರಿನ ಡ್ರೇನ್ ಕಾಕ್, ಅಂದರೆ ಒಳಗಿನ ನೀರು ಬಿಡುವ ನಲ್ಲಿ, ತೆರೆದರು. ಪಿಚಕ್ ಪಿಚಕ್ ಅಂತ ನೀರು ಹೊರಗೆ ಬಿತ್ತು. ಹಬೆ ತಣಿದು ಆದ ಆ ನೀರು ಒಳಗೇ ಉಳಿದರೆ ಪಿಸ್ಟನ್ ಹೊಡೆತಕ್ಕೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಬರೀ ಹಬೆ ಬರತೊಡಗಿದ ಮೇಲೆ ವಾಲ್ವನ್ನು ಒಂದಿಷ್ಟೇ ತಿರುಗಿಸಿದರು, ಕಿವಿಗೊಟ್ಟರು, ಇನ್ನೊಂದಿಷ್ಟು ತಿರುಗಿಸಿದರು. ಫ್ಲೈವೀಲ್ ಎಂಬ ದೊಡ್ಡ ಚಕ್ರ ಮೆಲ್ಲಗೆ ಹೊರಳಿತು. ಹಗ್ಗಗಳು ಶಾಫ್ಟ್ ತಿರುಗಿಸಿದವು, ಬೆಲ್ಟುಗಳು ಮಗ್ಗ ಎಳೆದವು. ಆ ಶೆಡ್ಡಿನಲ್ಲಿ 300ಕ್ಕೂ ಹೆಚ್ಚು ಮಗ್ಗಗಳಿವೆ. ಕೆಲವು ಓಡಿದ್ದಕ್ಕೇ ಪಕ್ಕದವರ ಮಾತು ಕೇಳಲಿಲ್ಲ. ಲ್ಯಾಂಕಾಶೈರಿನ ನೇಕಾರರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ, ನಂಬಬಹುದು! ಎಷ್ಟು ಕಿವಿಗೊಡಬೇಕು, ಎಷ್ಟು ತಿರುಗಿಸಬೇಕು ಅನ್ನುವುದನ್ನು ಯಾವ ಪುಸ್ತಕ ಕಲಿಸೀತು?

ಅದೇ ಸೀಮೆಯ ಎಲೆನ್‌ರೋಡ್ ಮಿಲ್ಲನ್ನು ಕೆಡವಿದರೂ ಎಂಜಿನ್ ಮನೆಯನ್ನು ಬಿಟ್ಟರು. ‘ವಿಕ್ಟೋರಿಯಾ’, ‘ಅಲೆಕ್ಸಾಂಡ್ರಾ’ ಅನ್ನುವ ಆ ಜೋಡಿ ಎಂಜಿನ್‌ಗೆ ಸ್ವಯಂಸೇವಕರೇ ಹಬೆ ಏರಿಸಿ ಓಡಿಸುತ್ತಾರೆ. ಕೆಲಸ ಹೊಸಬರಿಗೆ ದಾಟುವುದು ಹಾಗೆ.

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ನಮ್ಮೂರಲ್ಲೂ ಹತ್ತಿ ಗಿರಣಿಗಳು ಮುಚ್ಚಿದವು. ಮುಚ್ಚಿದ ಕಾರ್ಖಾನೆಯ ಯಂತ್ರಗಳನ್ನು ಗುಜರಿಗೆ ತೂಗುವ ಮೊದಲು ಯಾರಾದರೂ ತಿಳಿದವರು ಬಂದು ನೋಡುವ ವ್ಯವಸ್ಥೆಯನ್ನು ಸರ್ಕಾರ ಮಾಡಲಿ. ಉಳಿಸುವಂಥದ್ದು ಸಿಕ್ಕರೆ ಹತ್ತಿರದ ಐಟಿಐಗೆ ಕೊಡಲಿ. ಕಲಿಸಲು ನಮ್ಮಂಥ ನಿವೃತ್ತರನ್ನು ಕರೆಯಲಿ. ಸಂಬಳವೇನೂ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು.

– ನಿವೃತ್ತ ಬಾಯ್ಲರ್ ಅಟೆಂಡೆಂಟ್, ದಾವಣಗೆರೆ