‘ನಿರಾಕರಿಸಿದ್ದಕ್ಕೆ’: ಪತ್ರಿಕೆಯಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಹೆಣ್ಣಿನ ಮೇಲಿನ ಹಲ್ಲೆಯ ಸುದ್ದಿಗೆ ನೀವು ಕೊಡುವ ಶೀರ್ಷಿಕೆಗಳ ಬಗ್ಗೆ ಹೋದ ವಾರ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಜಿಲ್ಲಾ ಆವೃತ್ತಿಯ ಪುಟ ಬಿಡುವ ಹೊತ್ತು, ನೀನು ಅವಸರದಲ್ಲಿದ್ದೆ. ‘ಪೇಪರ್ ಓದಿ ಯಾರೂ ಕೆಡುವುದಿಲ್ಲ, ಬಿಡು’ ಎಂದು ಹೇಳಿ ಇಟ್ಟುಬಿಟ್ಟೆ. ಆ ಮಾತು ನನ್ನನ್ನು ಬಿಡಲಿಲ್ಲ, ಅದಕ್ಕೇ ಈ ಪತ್ರ. ನಿನ್ನಂತೆ ಶೀರ್ಷಿಕೆ ಕೊಡುವ ಇನ್ನೂ ಹಲವರು ಓದಲಿ ಎಂದು ಎಲ್ಲರೆದುರು ಇಡುತ್ತಿದ್ದೇನೆ. ನಿನ್ನ ಹೆಸರನ್ನಾಗಲಿ ನಿನ್ನ ಪತ್ರಿಕೆಯ ಹೆಸರನ್ನಾಗಲಿ ಬರೆದಿಲ್ಲ. ಮುಂದೆ ಬರುವ ಹುಡುಗಿಯ ಗುರುತು ಸಿಗದಂತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಹಳ್ಳಿ ಶಾಲೆಯ ಬೆಳಗಿನ ಪ್ರಾರ್ಥನೆ ನಿನಗೆ ಗೊತ್ತಿರುವಂಥದ್ದೇ. ನಾಡಗೀತೆ, ಸಂವಿಧಾನದ ಪ್ರಸ್ತಾವನೆ, ಒಂದು ಸುಭಾಷಿತ, ಆಮೇಲೆ ವಾರ್ತೆ. ಸರದಿಯಂತೆ ಒಬ್ಬರು ಮುಂದೆ ಬಂದು ಆ ದಿನದ ಪತ್ರಿಕೆಯ ನಾಲ್ಕೈದು ಶೀರ್ಷಿಕೆಗಳನ್ನು ಗಟ್ಟಿಯಾಗಿ ಓದಬೇಕು. ಆ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಸರದಿ. ಅಣೆಕಟ್ಟೆಯ ನೀರಿನ ಮಟ್ಟ ಓದಿದಳು, ಕೊಬ್ಬರಿ ಧಾರಣೆ ಓದಿದಳು, ಕ್ರಿಕೆಟ್ ಓದಿದಳು. ಕೊನೆಗೆ ಅದೇ ದನಿಯಲ್ಲಿ, ಒಂದು ಅಕ್ಷರವೂ ತಪ್ಪದೆ, ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚಾಕು ಇರಿತ’ ಎಂದು ಓದಿ, ಪತ್ರಿಕೆ ಮಡಚಿ ಸಾಲಿಗೆ ಹೋಗಿ ನಿಂತಳು. ಅದು ಮುಖಪುಟದ ಸುದ್ದಿಯಲ್ಲ, ಒಳಪುಟದ ಎರಡು ಕಾಲಮ್ಮಿನದು. ಅದನ್ನೇ ಯಾಕೆ ಆರಿಸಿದಳು ಎಂದು ಆಗ ನನಗೆ ಹೊಳೆಯಲಿಲ್ಲ.

ಮೂರನೆಯ ಅವಧಿ ಅವರದೇ ತರಗತಿ, ಪಾಠ ವಿಭಕ್ತಿ ಪ್ರತ್ಯಯ. ಚತುರ್ಥಿಗೆ ಉದಾಹರಣೆ ಕೇಳಿದೆ. ‘ಮನೆಗೆ’, ‘ಊರಿಗೆ’, ‘ಮರಕ್ಕೆ’ ಎಂದು ಹೇಳುತ್ತಾ ಬಂದರು. ಹಿಂದಿನ ಬೆಂಚಿನ ಒಬ್ಬಳು ‘ನಿರಾಕರಿಸಿದ್ದಕ್ಕೆ’ ಎಂದಳು. ಸರಿಯಾದ ಉತ್ತರ. ಇಡೀ ತರಗತಿ ಸುಮ್ಮನಾಯಿತು. ಅವಳೇ ಮತ್ತೆ ಎದ್ದು ಕೇಳಿದಳು: ‘ಮೇಡಂ, ಆ ಅಕ್ಕ ಹೂಂ ಎಂದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ, ಅಲ್ಲವೇ?’

ಇಪ್ಪತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಆ ಕ್ಷಣ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವಳು ತಪ್ಪು ತಿಳಿದುಕೊಂಡಿರಲಿಲ್ಲವಲ್ಲ. ನಿಮ್ಮ ಶೀರ್ಷಿಕೆ ಏನು ಹೇಳಿತೋ ಅದನ್ನೇ ತಿಳಿದುಕೊಂಡಿದ್ದಳು. ಈ ‘ದ್ದಕ್ಕೆ’ ನಮ್ಮ ಮಾತಿನಲ್ಲಿ ಎಲ್ಲೆಲ್ಲಿ ಬರುತ್ತದೆ ನೋಡು. ತಡವಾಗಿ ಬಂದದ್ದಕ್ಕೆ ದಂಡ. ಸುಳ್ಳು ಹೇಳಿದ್ದಕ್ಕೆ ಏಟು. ಕದ್ದದ್ದಕ್ಕೆ ಜೈಲು. ಹೀಗೆ ಹಿಂದೆ ತಪ್ಪು, ಮುಂದೆ ಶಿಕ್ಷೆ ಎಂದು ಕೇಳಿ ಕೇಳಿ ಬೆಳೆದ ಮಕ್ಕಳ ಕಿವಿಗೆ ‘ನಿರಾಕರಿಸಿದ್ದಕ್ಕೆ ಇರಿತ’ ಬೇರೆ ಹೇಗೆ ಕೇಳಿಸಬೇಕು? ಇರಿದವನು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಹುಡುಕಿ ನೋಡು, ಕರ್ತೃಪದವೇ ಇಲ್ಲ. ಅಲ್ಲಿ ಏನನ್ನಾದರೂ ಮಾಡಿದವಳು ಅವಳೊಬ್ಬಳೇ, ಮಾಡಿದ್ದು ನಿರಾಕರಣೆ.

ಎರಡು ದಿನಗಳ ನಂತರ ನೋಟ್ಸ್ ತಿದ್ದುವಾಗ, ವಾರ್ತೆ ಓದಿದ ಹುಡುಗಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಸಾಲು ಕಂಡಿತು. ದುಂಡನೆಯ ಅಕ್ಷರ, ಸುತ್ತ ಕೆಂಪು ಶಾಯಿಯ ಹೂಬಳ್ಳಿ. ‘ನೀನು ಸಿಗದಿದ್ದರೆ ನಾನೂ ಬದುಕುವುದಿಲ್ಲ, ನಿನ್ನನ್ನೂ ಬದುಕಲು ಬಿಡುವುದಿಲ್ಲ.’ ಯಾರೋ ಇವಳಿಗೆಂದು ಇವಳ ಚಿಕ್ಕಮ್ಮನ ಮೊಬೈಲಿಗೆ ಕಳಿಸಿದ್ದನ್ನು ನೋಡಿ ಬರೆದುಕೊಂಡಿದ್ದಳು. ಹೂಬಳ್ಳಿಯನ್ನು ಅವಳೇ ಬಿಡಿಸಿದ್ದಳು. ಪುಸ್ತಕ ಮುಚ್ಚಿಟ್ಟು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅವಳನ್ನು ಕರೆದೆ.

ಕಳಿಸಿದವನು ಒಬ್ಬ ಬೈಕಿನವನು. ಅವಳಿಗಿಂತ ಏಳೆಂಟು ವರ್ಷ ದೊಡ್ಡವನು. ಮೂರು ತಿಂಗಳಿಂದ ಬಸ್ಸಿನ ಹಿಂದೆಯೇ ಬರುತ್ತಾನೆ, ಸ್ಟಾಪಿನಲ್ಲಿ ಇಳಿದರೆ ಎದುರಿಗೆ ನಿಂತಿರುತ್ತಾನೆ. ‘ನಿನಗೆ ಅವನು ಇಷ್ಟವೇ?’ ಎಂದೆ. ‘ಇಲ್ಲ ಮೇಡಂ, ಭಯ’ ಎಂದಳು. ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದು, ‘ಆದರೆ ತುಂಬಾ ಪ್ರೀತಿಸುತ್ತಾನಂತೆ’ ಎಂದಳು. ಆ ಮಾತಿನಲ್ಲಿ ಭಯದ ಜೊತೆ ಹೆಮ್ಮೆಯೂ ಒಂದು ಎಳೆ ಇತ್ತು. ಅದನ್ನು ಕಂಡು ನನಗಾದ ಸಂಕಟ ಹೇಳತೀರದು. ಬೇಡ ಎಂದು ಹೇಳಿದೆಯಾ ಎಂದರೆ, ‘ಹೇಳಿದರೆ ಏನಾಗುತ್ತದೆ ಅಂತ ಪೇಪರಿನಲ್ಲೇ ಇತ್ತಲ್ಲ ಮೇಡಂ, ನಾನೇ ಓದಿದೆನಲ್ಲ’ ಎಂದಳು.

ಪೇಪರ್ ಓದಿ ಯಾರೂ ಕೆಡುವುದಿಲ್ಲ ಎಂದೆಯಲ್ಲ, ಇವಳ ವಿಷಯದಲ್ಲಿ ಏನು ಹೇಳುತ್ತೀಯ?

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂಬುದಕ್ಕೆ ಅವಳ ಬಳಿ ಸಿದ್ಧ ಉತ್ತರವಿತ್ತು: ‘ಶಾಲೆ ಬಿಡಿಸುತ್ತಾರೆ.’ ನಿಜವೇ. ವಿಷಯ ತಿಳಿದಾಗ ತಾಯಿ ಆಡಿದ ಮೊದಲ ಮಾತು ಅದೇ. ಆ ತಾಯಿಯನ್ನು ನಾನು ದೂರುವುದಿಲ್ಲ. ಅವರ ಮನೆಯಲ್ಲೂ ಟಿ.ವಿ. ಇದೆ. ಹುಡುಗಿ ಯಾಕೆ ಅಷ್ಟು ಹೊತ್ತಿನಲ್ಲಿ ಹೋದಳು, ಮೊಬೈಲಿನಲ್ಲಿ ಯಾರ ಜೊತೆ ಮಾತನಾಡುತ್ತಿದ್ದಳು ಎಂಬ ಪ್ರಶ್ನೆಗಳೇ ಅಲ್ಲಿ ಇಡೀ ದಿನ ಓಡುತ್ತಿರುತ್ತವೆ. ತಪ್ಪು ಹುಡುಗಿಯದು ಎಂದಾದ ಮೇಲೆ ಹುಡುಗಿಯನ್ನೇ ತಾನೇ ಕಟ್ಟಿಹಾಕುವುದು?

ಇನ್ನು ಆ ‘ಪ್ರೇಮಿ’ ಎಂಬ ಪದ. ‘ಪಾಗಲ್ ಪ್ರೇಮಿಯ ಅಟ್ಟಹಾಸ’ ಎಂದು ಚಾನೆಲ್ಲಿನವರು ಕೂಗುತ್ತಾರೆ, ‘ಭಗ್ನಪ್ರೇಮಿ’ ಎಂದು ನೀವು ಅಚ್ಚು ಹಾಕುತ್ತೀರಿ. ಆ ಹುಡುಗಿ ಒಂದು ದಿನವೂ ಒಪ್ಪದಿದ್ದ ಮೇಲೆ ಭಗ್ನವಾಗಲು ಅಲ್ಲಿ ಇದ್ದದ್ದಾದರೂ ಏನು? ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬುದನ್ನು ನಾನು ಚಿಕ್ಕಂದಿನಿಂದ ಓದುತ್ತಿದ್ದೇನೆ. ಕೊಂದವನ ಶಂಕೆ ದೊಡ್ಡಕ್ಷರದಲ್ಲಿ ನಿಲ್ಲುತ್ತದೆ, ಸತ್ತವಳು ಎದ್ದು ಬಂದು ಉತ್ತರ ಕೊಡುವಂತಿಲ್ಲ. ‘ಮಾನಭಂಗ’ ಎಂದಾಗ ಮಾನ ಹೋದದ್ದು ಮೈಮೇಲೆ ಕೈ ಹಾಕಿದವನದಲ್ಲ, ಅವಳದು. ‘ಚುಡಾಯಿಸಿದ’ ಎಂದು ಬರೆದರೆ ಅದು ಅಣ್ಣತಮ್ಮಂದಿರ ತಮಾಷೆಯಂತೆ ಕೇಳುತ್ತದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ತಂದಿತು. ಹೆಣ್ಣನ್ನು ಹಳೆಯ ಅಚ್ಚಿನಲ್ಲಿ ಹಾಕುವ ಪದಗಳ ಪಟ್ಟಿ, ಪ್ರತಿಯೊಂದಕ್ಕೂ ಬಳಸಬೇಕಾದ ಬದಲಿ ಪದ. ‘ಈವ್ ಟೀಸಿಂಗ್’ ಎನ್ನಬೇಡಿ, ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ ಎನ್ನಿ ಎಂದು ಅದರಲ್ಲಿದೆ. ನ್ಯಾಯಾಲಯವೇ ತನ್ನ ಭಾಷೆ ತಿದ್ದಿಕೊಳ್ಳುವಾಗ ಪತ್ರಿಕೆಗೆ ಏನು ಅಡ್ಡಿ?

ಪೊಲೀಸರ ಪ್ರಕಟಣೆಯಲ್ಲಿ ಹಾಗೇ ಇರುತ್ತದೆ, ತಾಲ್ಲೂಕಿನ ವರದಿಗಾರ ಹಾಗೇ ಕಳಿಸುತ್ತಾನೆ, ನಮಗೆ ಸಮಯವಿಲ್ಲ ಎಂದು ನೀನು ಹೇಳುತ್ತೀಯ. ಆದರೆ ಕಾನೂನು ಈಗ ಹಾಗೆ ಹೇಳುತ್ತಿಲ್ಲ. ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ಪ್ರತ್ಯೇಕ ಅಪರಾಧ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟು, ಭಾರತೀಯ ದಂಡಸಂಹಿತೆಗೆ 354ಡಿ ಕಲಂ ಸೇರಿತಲ್ಲ, ಅದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಹುಡುಗಿ ಹದಿನೆಂಟರೊಳಗಿನವಳಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯೂ ಇದೆ. ತನ್ನನ್ನು ಪ್ರೀತಿಸು ಎಂದು ಹೆಣ್ಣನ್ನು ಯಾರೂ ಬಲವಂತಪಡಿಸುವಂತಿಲ್ಲ, ತಿರಸ್ಕರಿಸುವ ಪೂರ್ಣ ಹಕ್ಕು ಅವಳಿಗಿದೆ ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟೆಲ್ಲ ಇದ್ದೂ ಮೂರು ತಿಂಗಳು ಬಸ್ಸಿನ ಹಿಂದೆ ಬಂದವನ ಬಗ್ಗೆ ಒಂದು ಸಾಲು ಸುದ್ದಿಯಾಗುವುದಿಲ್ಲ. ಅವನು ಚಾಕು ಹಿಡಿದ ದಿನವೇ ಸುದ್ದಿ, ಆ ದಿನವೂ ಅವನು ಪ್ರೇಮಿ.

ನಾವಿಬ್ಬರೂ ಕಂಡ ಒಂದು ಸಂಗತಿಯನ್ನು ನೆನಪಿಸಬೇಕು. ಮೈಸೂರಿನಲ್ಲಿ ನಾವು ಎರಡನೆಯ ಬಿ.ಎ.ಯಲ್ಲಿದ್ದಾಗ ನಮ್ಮ ತರಗತಿಯವನೊಬ್ಬ ದಿನವೂ ಒಬ್ಬಳಿಗಾಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವಳು ಮುಖ ತಿರುಗಿಸಿದಷ್ಟೂ ನಾವು ಅವನಿಗೆ ಹುರಿದುಂಬಿಸುತ್ತಿದ್ದೆವು. ಇಂಟರ್‌ವಲ್ ಹೊತ್ತಿಗೆ ಒಪ್ಪುತ್ತಾಳೆ ಎಂದು ನೀನು ಹೇಳಿದ್ದೆ, ಯಾಕೆಂದರೆ ನಾವು ನೋಡುತ್ತಿದ್ದ ಎಲ್ಲ ಸಿನಿಮಾಗಳಲ್ಲೂ ಹಾಗೇ ಆಗುತ್ತಿತ್ತು. ನಾಯಕಿ ಬೈದರೆ, ಕೆನ್ನೆಗೆ ಹೊಡೆದರೆ ಅದು ಒಪ್ಪಿಗೆಯ ಮೊದಲ ಮೆಟ್ಟಿಲು. ಅವನ ಕಾಗದವನ್ನು ಅವಳ ಕೈಗೆ ಕೊಟ್ಟವಳು ನಾನು. ಆಮೇಲೆ ಅವಳು ಬೆಳಗಿನ ಏಳು ಗಂಟೆಯ ಬಸ್ಸಿಗೇ ಬಂದು, ಲೈಬ್ರರಿಯ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ಮುಂದಿನ ವರ್ಷ ಕಾಲೇಜಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾವು ಯಾರೂ ಕೇಳಲಿಲ್ಲ. ಈ ಹುಡುಗಿ ನೆಲ ಕೆರೆಯುತ್ತಾ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಮೆಟ್ಟಿಲು.

ಸಿನಿಮಾ ನೋಡಿ ಯಾರು ಹಾಗೆ ಮಾಡುತ್ತಾರೆ ಎನ್ನುವವರಿಗೆ ಆಸ್ಟ್ರೇಲಿಯಾದ ಒಂದು ಪ್ರಕರಣವಿದೆ. ಟ್ಯಾಸ್ಮೇನಿಯಾ ರಾಜ್ಯದ ಹೋಬಾರ್ಟ್‌ನಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದ ಭಾರತೀಯನೊಬ್ಬ ಇಬ್ಬರು ಹೆಂಗಸರ ಬೆನ್ನುಬಿದ್ದು ಕಾಡಿದ. 2015ರಲ್ಲಿ ಅವನ ವಕೀಲರು ಮುಂದಿಟ್ಟ ವಾದವೇನು ಗೊತ್ತೇ? ಅವನು ಹಿಂದಿ ಸಿನಿಮಾ ನೋಡಿ ಬೆಳೆದವನು, ಬಿಡದೆ ಹಿಂದೆ ಬಿದ್ದರೆ ಹೆಣ್ಣು ಒಲಿಯುತ್ತಾಳೆ ಎಂದು ನಂಬಿದ್ದ, ಎಂದು. ಐದು ವರ್ಷ ಸನ್ನಡತೆಯಿಂದಿರಬೇಕೆಂಬ ಷರತ್ತಿನ ಮೇಲೆ ಅವನು ಶಿಕ್ಷೆಯಿಂದ ಪಾರಾದ. ನಮ್ಮ ಪರದೆಯೇ ಅವನ ಪರ ಸಾಕ್ಷಿಯಾಯಿತು.

ಪರದೆ ಒಳ್ಳೆಯದನ್ನೂ ಮಾಡಬಲ್ಲದು, ಅದೂ ನಿಜ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ಬಿಹಾರ, ಗೋವಾ, ಹರಿಯಾಣ, ತಮಿಳುನಾಡು, ದೆಹಲಿಗಳಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಹಳ್ಳಿಗೆ ಕೇಬಲ್ ಟಿ.ವಿ. ಬಂದ ಮೇಲೆ, ಗಂಡ ಹೊಡೆದರೆ ತಪ್ಪಿಲ್ಲ ಎನ್ನುವ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕೆನ್ನುವವರೂ ಕಡಿಮೆಯಾದರು. ಪಟ್ಟಣದ ಹೆಂಗಸರು ಹೊರಗೆ ಹೋಗಿ ದುಡಿಯುವುದನ್ನು ಧಾರಾವಾಹಿಗಳಲ್ಲಿ ಕಂಡದ್ದು ಇದಕ್ಕೆ ಒಂದು ಕಾರಣವಿರಬಹುದೆಂದು ಅವರು ಊಹಿಸಿದರು. ಕಂಡದ್ದು ಮನಸ್ಸಿನೊಳಕ್ಕೆ ಅಷ್ಟು ಇಳಿಯುವುದಾದರೆ, ದಿನವೂ ಓದಿದ್ದು ಇಳಿಯದೆ ಇರುತ್ತದೆಯೇ? ನಿನ್ನ ಕೈಯಲ್ಲಿರುವುದು ಸಣ್ಣ ಅಧಿಕಾರವಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆದೆ.

ಹುಡುಗಿಯ ವಿಷಯ ಮುಗಿಸುತ್ತೇನೆ, ನಿನಗೆ ಚಿಂತೆಯಾಗಿರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ಮುಖ್ಯೋಪಾಧ್ಯಾಯರು, ನಾನು, ಅವಳ ತಾಯಿ ಮೂವರೂ ಠಾಣೆಗೆ ಹೋದೆವು. ದೂರು ದಾಖಲಾಗಿದೆ. ಶಾಲೆ ಬಿಡಿಸುವ ಮಾತು ಸದ್ಯಕ್ಕೆ ನಿಂತಿದೆ. ಕಂಡಕ್ಟರ್ ಅವಳನ್ನು ಮುಂದಿನ ಸೀಟಿನಲ್ಲೇ ಕೂರಿಸಿ ಕರೆತರುತ್ತಾರೆ. ಅವಳು ಇನ್ನೂ ಕಿಟಕಿಯಿಂದ ಹಿಂದಕ್ಕೆ ತಿರುಗಿ ನೋಡುತ್ತಾಳಂತೆ.

ಆ ವಾರದ ಕೊನೆಯಲ್ಲಿ ಕರ್ತರಿ ಮತ್ತು ಕರ್ಮಣಿ ಪ್ರಯೋಗದ ಪಾಠವಿತ್ತು. ನಿಮ್ಮ ಆ ಶೀರ್ಷಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಕರ್ತೃವನ್ನು ಹುಡುಕಿ ಮುಂದಕ್ಕೆ ತನ್ನಿ ಎಂದೆ. ಹುಡುಗರೂ ಹುಡುಗಿಯರೂ ಬರೆದರು. ‘ಯುವತಿಗೆ ಚಾಕುವಿನಿಂದ ಇರಿದವನ ಬಂಧನ’ ಎಂದು ಒಬ್ಬ. ‘ಬೇಡ ಎಂದರೂ ಹಿಂಬಾಲಿಸಿದ, ಇರಿದ’ ಎಂದು ಇನ್ನೊಬ್ಬಳು. ಎಣಿಸಿ ನೋಡು, ಎರಡೂ ನಿಮ್ಮದಕ್ಕಿಂತ ಒಂದೊಂದು ಪದ ಕಡಿಮೆ. ಸ್ಥಳ ಸಾಲದು ಎಂಬ ನೆಪವೂ ಉಳಿಯಲಿಲ್ಲ. ವಾರ್ತೆ ಓದಿದ ಹುಡುಗಿ ಮಾತ್ರ ಬಹಳ ಹೊತ್ತು ಖಾಲಿ ಹಾಳೆಯ ಮುಂದೆ ಕುಳಿತಿದ್ದಳು. ಗಂಟೆ ಹೊಡೆದ ಮೇಲೆ ಮೇಜಿನ ಮೇಲೆ ಇಟ್ಟುಹೋದ ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಯುವತಿ ಚೇತರಿಸಿಕೊಳ್ಳುತ್ತಿದ್ದಾಳೆ.’

ಆ ಸುದ್ದಿಯಲ್ಲಿ ಯುವತಿ ಏನಾದಳೆಂದು ನೀವು ಬರೆದಿರಲಿಲ್ಲ, ಮರುದಿನವೂ ಬರಲಿಲ್ಲ. ಅವಳು ಹೇಗಿದ್ದಾಳೆಂದು ನಿನ್ನ ವರದಿಗಾರನನ್ನು ಕೇಳಿ ತಿಳಿಸುತ್ತೀಯಾ? ಒಟ್ಟು ಮೂವತ್ತೊಂದು ಹಾಳೆಗಳನ್ನು ಅಂಚೆಯಲ್ಲಿ ನಿನಗೆ ಕಳಿಸಿದ್ದೇನೆ. ಪುಟ ಬಿಟ್ಟ ಮೇಲೆ ಒಂದು ರಾತ್ರಿ ಕುಳಿತು ಓದು. ಎಲ್ಲಿ ತಿದ್ದಬೇಕೋ ನಿನ್ನ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸು. ಮಕ್ಕಳು ದಿನವೂ ಕೇಳುತ್ತಿದ್ದಾರೆ, ಪೇಪರಿನ ಸಾರ್ ಏನು ಹೇಳಿದರು ಎಂದು.

ನಿನ್ನ ಗೆಳತಿ