ಗಾಂಜಾ ಬಗ್ಗೆ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಕಾರ್ಯಕ್ರಮ ನಮ್ಮಲ್ಲೂ ನಡೆಯಿತು. ಪರದೆ ಮೇಲೆ ಒಂದು ಮಿದುಳಿನ ಚಿತ್ರ ಬಂತು. ಅದರ ತುಂಬ ತೂತುಗಳು. "ಗಾಂಜಾ ಒಂದು ಸಲ ಸೇದಿದರೂ ಸಾಕು, ನಿಮ್ಮ ಮಿದುಳು ಹೀಗಾಗುತ್ತೆ" ಅಂದರು ಅತಿಥಿಗಳು.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸಾರ್, ನಮ್ ತಾತ ಪ್ರತಿ ವರ್ಷ ಜಾತ್ರೇಲಿ ಬಂಗಿ ಸೇದ್ತಾರೆ. ಎಪ್ಪತ್ತೆಂಟು ವರ್ಷ ಅವರಿಗೆ. ಮೊನ್ನೆ ಅಡಿಕೆ ಲೆಕ್ಕ ಬಾಯಲ್ಲೇ ಹಾಕಿದ್ರು. ಅವರ ತಲೇಲಿ ತೂತು ಯಾಕೆ ಬಿದ್ದಿಲ್ಲ?"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅತಿಥಿಗಳು "ಕೂತ್ಕೊಳಪ್ಪ" ಅಂದರು. ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹುಡುಗರು ಮೊಬೈಲಿನಲ್ಲಿ ಹುಡುಕಿಯೂ ಆಗಿತ್ತು. ಅದು ತೂತಿನ ಫೋಟೋ ಅಲ್ಲ, ರಕ್ತದ ಹರಿವು ಕಡಿಮೆ ಇರುವ ಜಾಗವನ್ನು ಕಂಪ್ಯೂಟರ್ ಹಾಗೆ ತೋರಿಸುತ್ತೆ ಅಂತ ಅವರಿಗೆ ಗೊತ್ತಾಯಿತು. ಹುಡುಗರು ಹೇಳಿದ್ದು ಸರಿಯೇ. "ನೋಡಿ ಮೇಡಂ, ಎಲ್ಲಾ ಸುಳ್ಳು" ಅಂದರು ನನಗೆ.

ನನಗೆ ಭಯ ಹುಟ್ಟಿಸಿದ್ದು ಆ "ಎಲ್ಲಾ" ಅನ್ನುವ ಮಾತು.

ಯಾಕೆಂದರೆ ಎರಡು ವರ್ಷದ ಹಿಂದೆ ಅದೇ ಸಾಲಿನಲ್ಲಿ ಇನ್ನೊಬ್ಬ ಹುಡುಗ ಕೂರುತ್ತಿದ್ದ. ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ. ಅವನ ರೆಕಾರ್ಡ್ ಪುಸ್ತಕದ ಕಪ್ಪೆಯನ್ನು ನಾನು ಬೇರೆ ಸೆಕ್ಷನ್ನಿಗೂ ತೋರಿಸುತ್ತಿದ್ದೆ. ಸೆಕೆಂಡ್ ಪಿಯುಗೆ ಬರುವ ಹೊತ್ತಿಗೆ ದಿನಾ ಸೇದುತ್ತಿದ್ದ. ಮೊದಲು ಬರೆಯುವುದು ನಿಂತಿತು. ಆಮೇಲೆ ಮೊಬೈಲಿನ ಕ್ಯಾಮೆರಾ ಮೇಲೆ ಗಾಯದ ಪಟ್ಟಿ ಅಂಟಿಸಿಕೊಂಡ. ಒಂದು ದಿನ ಕ್ಲಾಸಿನಲ್ಲಿ ಎದ್ದು, ಫ್ಯಾನ್ ಆರಿಸಿ, ಅದರೊಳಗಿಂದ ಯಾರೋ ತನ್ನ ಮಾತು ಕೇಳ್ತಿದ್ದಾರೆ ಅಂದ. ಆಗ ಯಾರೂ ನಗಲಿಲ್ಲ.

ಅದು ಗಾಂಜಾದಿಂದಲೇ ಬಂತಾ? ಅವನನ್ನು ನೋಡಿದ ಡಾಕ್ಟರ್ ಕೂಡ ಹಾಗೆ ಹೇಳಲಿಲ್ಲ. ಅವನ ಸೋದರಮಾವನಿಗೂ ಅಂಥದ್ದೇ ಕಾಯಿಲೆ ಇತ್ತಂತೆ. ಇಂಥ ಮನೆತನದ ಹುಡುಗನಿಗೆ ಈ ಚಟ ಒಣಹುಲ್ಲಿಗೆ ಕಿಡಿ ಬಿದ್ದ ಹಾಗೆ ಅಂದರು, ಅಷ್ಟೇ.

ಸಂಶೋಧನೆ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಸ್ವೀಡನ್ನಿನಲ್ಲಿ 1969-70ರಲ್ಲಿ ಸೇನೆಗೆ ಸೇರಿದ 45,570 ಯುವಕರನ್ನು 15 ವರ್ಷ ಗಮನಿಸಿದರು. ಸೇನೆಗೆ ಸೇರುವ ಹೊತ್ತಿಗೇ 50ಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ್ದನ್ನು ಇದೆ ಅಂತ ನಂಬಿಸುವ ಗಂಭೀರ ಮಾನಸಿಕ ಕಾಯಿಲೆ) ಬರುವ ಸಾಧ್ಯತೆ ಸೇದದವರ ಆರು ಪಟ್ಟು ಇತ್ತು. ಆದರೆ ಅಷ್ಟು ಸೇದಿದವರಲ್ಲೂ ಬಹುಪಾಲು ಜನರಿಗೆ ಕಾಯಿಲೆ ಬರಲಿಲ್ಲ. ಈ ಎರಡನ್ನೂ ಒಟ್ಟಿಗೇ ಹೇಳಬೇಕು. ಯುರೋಪು ಮತ್ತು ಬ್ರೆಜಿಲ್‌ನ 11 ಕಡೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಾ ಸೇದುವವರಲ್ಲಿ ಮನೋವಿಕಾರದ, ಅಂದರೆ ವಾಸ್ತವದ ಅರಿವು ತಪ್ಪುವ ಕಾಯಿಲೆಯ, ಸಾಧ್ಯತೆ ಸುಮಾರು ಮೂರು ಪಟ್ಟು, ಕಡಕ್ ಮಾಲನ್ನು ದಿನಾ ಸೇದುವವರಲ್ಲಿ ಸುಮಾರು ಐದು ಪಟ್ಟು ಅಂತ ಅದರಲ್ಲಿದೆ. ಕಡಕ್ ಅಂದರೆ ನಶೆ ಕೊಡುವ ಟಿಎಚ್‌ಸಿ ಅಂಶ ನೂರಕ್ಕೆ ಹತ್ತು ಅಥವಾ ಇನ್ನೂ ಹೆಚ್ಚು ಇರುವಂಥದ್ದು.

ಹಾಗಂತ ಅನುಮಾನ ಪಡುವವರನ್ನು ದಡ್ಡರು ಅನ್ನಬೇಡಿ. ಅವರ ಅನುಮಾನಕ್ಕೆ ಕಾರಣಗಳಿವೆ. 1970ರ ದಶಕದಲ್ಲಿ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ರಾಬರ್ಟ್ ಹೀತ್ ಕೆಲವು ಕೋತಿಗಳಿಗೆ ಮುಖವಾಡ ಹಾಕಿ ಗಾಂಜಾ ಹೊಗೆ ಕುಡಿಸಿದರು. ಮಿದುಳಿಗೆ ಹಾನಿಯಾಗಿದೆ ಅಂದರು. ಅದು ದೊಡ್ಡ ಸುದ್ದಿಯಾಯಿತು. ಕೋತಿಗಳಿಗೆ ಉಸಿರಾಡಲು ಸಾಕಷ್ಟು ಆಮ್ಲಜನಕವೇ ಸಿಕ್ಕಿರಲಿಲ್ಲವೇನೋ ಅನ್ನುವ ಪ್ರಶ್ನೆ ಆಮೇಲೆ ಎದ್ದಿತು. ಹೆಚ್ಚು ಕೋತಿಗಳ ಮೇಲೆ ಬೇರೆಯವರು ಪರೀಕ್ಷಿಸಿದಾಗ ಆ ಹಾನಿ ಕಾಣಲಿಲ್ಲ.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ಬಗ್ಗೆ ಒಂದು ಆಯೋಗ ಕೂರಿಸಿ 1,193 ಸಾಕ್ಷಿಗಳನ್ನು ವಿಚಾರಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ಸಾಲು ಸಾಲಾಗಿ "ಕಾರಣ: ಗಾಂಜಾ" ಅಂತ ಇತ್ತು. ಒಂದೊಂದೇ ಕೇಸು ತೆಗೆದು ನೋಡಿದರೆ ಎಷ್ಟೋ ಕಡೆ ಅದಕ್ಕೆ ಆಧಾರವೇ ಇರಲಿಲ್ಲ. ಸುಮ್ನೆ ಏನೋ ಒಂದು ಕಾರಣ ತುಂಬಿದ್ದರು. ಹಿತಮಿತವಾಗಿ ಬಳಸಿದರೆ ಹೆಚ್ಚು ಕೇಡಿಲ್ಲ ಅಂದ ಅದೇ ಆಯೋಗ, ಅತಿಯಾದರೆ ಕೇಡು ಅಂತಲೂ ಬರೆಯಿತು. ನೂರಾ ಮೂವತ್ತು ವರ್ಷದ ಹಿಂದೆ ಅಷ್ಟು ತಾಳ್ಮೆಯಿಂದ ವಿಚಾರಿಸಿದ್ದರು, ಅಲ್ವಾ?

ಇವತ್ತಿಗೂ ಜಗಳ ಪೂರ್ತಿ ಬಗೆಹರಿದಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು 38 ವರ್ಷದವರೆಗೆ ಗಮನಿಸಿದವರು, ಹದಿಹರೆಯದಲ್ಲೇ ಶುರು ಮಾಡಿ ಬಿಡದೆ ಚಟಕ್ಕೆ ಬಿದ್ದವರ ಐಕ್ಯೂ ಸುಮಾರು 8 ಅಂಕ ಇಳಿದಿತ್ತು ಅಂದರು. 2016ರಲ್ಲಿ ಅಮೆರಿಕದ ಅವಳಿ ಮಕ್ಕಳ ಅಧ್ಯಯನ ಬಂತು. ಅದರಲ್ಲಿ ಸೇದಿದವರಿಗೂ ಸೇದದ ಅವರ ಅವಳಿ ಒಡಹುಟ್ಟಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ನಾನು ಇಬ್ಬರ ವಾದವನ್ನೂ ಬೋರ್ಡಿನ ಮೇಲೆ ಬರೆದೆ. ಅವತ್ತು ಬೆಲ್ ಹೊಡೆದ ಮೇಲೂ ಯಾರೂ ಏಳಲಿಲ್ಲ.

ತಾತನ ವಿಷಯ ಕೇಳಿದ ಹುಡುಗನಿಗೆ ಮರುದಿನ ನಾನೇ ಹೀಗೆ ಹೇಳಿದೆ: ನಿನ್ನ ತಾತ ಸೇದುವುದು ವರ್ಷಕ್ಕೊಂದು ಸಲ. ಶುರು ಮಾಡಿದ್ದು ಮದುವೆಯಾದ ಮೇಲೆ ಅಂತ ನೀನೇ ಹೇಳ್ತೀಯ. ನಿನಗೆ ಹದಿನೇಳು. ಹಣೆಯ ಹಿಂದಿನ ಮಿದುಳು, ಯೋಚಿಸಿ ತಡೆದುಕೊಳ್ಳುವುದನ್ನು ಕಲಿಸುವ ಭಾಗ, ಇಪ್ಪತ್ತೈದರ ಹತ್ತಿರದವರೆಗೂ ಬಲಿಯುತ್ತಲೇ ಇರುತ್ತೆ. ಈಗ ಬ್ಯಾಂಕಾಕಿನಿಂದ ಬ್ಯಾಗಿನಲ್ಲಿ ತಂದು ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳ್ತಿದೆಯಲ್ಲ ಹೈಡ್ರೋ ಗಾಂಜಾ, ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸುವ ಕಡಕ್ ಮಾಲು, ಅದು ತಾತನ ಚಿಲುಮೆಯ ಸೊಪ್ಪಲ್ಲ. ಅವನು ಸುಮ್ಮನೆ ಕೇಳಿದ. ಆಮೇಲೆ, "ಇದನ್ನ ನಿನ್ನೆನೇ ಹೇಳಬಹುದಿತ್ತಲ್ವಾ ಮೇಡಂ" ಅಂದ.

ಸಾರ್, ನಿಮ್ಮಿಂದ ಆಗಬೇಕಾದ್ದು ಇದೇ. ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಕೇಂದ್ರ ಸರ್ಕಾರದ್ದು ನಿಜ, ಆದರೆ ಇರುವುದು ನಮ್ಮ ಬೆಂಗಳೂರಿನಲ್ಲೇ. ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಅಲ್ಲಿನ ಡಾಕ್ಟರುಗಳನ್ನು ಕೂರಿಸಿ, ಪಿಯು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಿಕೆ ಬರೆಸಿ. ಯಾವುದು ಗಟ್ಟಿ, ಯಾವುದು ಇನ್ನೂ ಚರ್ಚೆಯಲ್ಲಿದೆ, ಯಾರು ಹತ್ತಿರವೂ ಸುಳಿಯಬಾರದು ಅಂತ ಅದರಲ್ಲಿರಲಿ. ಭಾಷಣಕ್ಕೆ ಬರುವವರು ಅದನ್ನು ಓದಿಯೇ ಬರಲಿ. ಅರ್ಧ ಹೊತ್ತು ಮಕ್ಕಳ ಪ್ರಶ್ನೆಗೇ ಬಿಡಲಿ.

ಅದರ ಕೊನೆ ಪುಟದಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ದಪ್ಪ ಅಕ್ಷರದಲ್ಲಿರಲಿ. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರಕ್ಕೆ ಬಂದು ಪೂರ್ತಿ ಚಿಕಿತ್ಸೆ ಪಡೆದರೆ, ಸೇವನೆಯ ಕೇಸಿನಿಂದಲೂ ಸಣ್ಣ ಪ್ರಮಾಣದ ಮಾದಕ ವಸ್ತುವಿನ ಕೇಸಿನಿಂದಲೂ ವಿನಾಯಿತಿ ಇದೆ. ಪಕ್ಕದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರ್ 14416 ಹಾಕಿಸಿ. ಆ ಕಪ್ಪೆ ಚಿತ್ರದ ಹುಡುಗನ ತಾಯಿಗೆ ಇದೊಂದೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರು ಬರ್ತಾರೆ ಅಂತ ಹೆದರಿ ಐದು ತಿಂಗಳು ಮಗನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು.

ತಾತನ ಬಗ್ಗೆ ಕೇಳಿದ ಹುಡುಗ ಮಾರ್ಚಿನಲ್ಲಿ ಪರೀಕ್ಷೆ ಬರೆದು ಹೋಗುತ್ತಾನೆ. ಅದಕ್ಕೂ ಮೊದಲು ಒಬ್ಬ ಡಾಕ್ಟರನ್ನು ನಮ್ಮ ಕಾಲೇಜಿಗೆ ಕಳಿಸಿಕೊಡಿ. ಸಭಾಂಗಣ, ಮೈಕು ಎಲ್ಲ ನಾನು ನೋಡಿಕೊಳ್ಳುತ್ತೇನೆ. ಆ ತಾಯಿಯೂ ಬಂದು ಹಿಂದೆ ಕೂತು ಕೇಳುತ್ತೇನೆ ಅಂದಿದ್ದಾರೆ.

ಇತಿ,
ಒಬ್ಬ ಪಿಯು ಉಪನ್ಯಾಸಕಿ