ಫೌಂಡ್ರಿ ನಡೆಸುವ ಕಾಕಾಗೆ, ಗಾಜಿನ ಭಟ್ಟಿಯ ಬಗ್ಗೆ

ಸಿಯಾಟಲ್

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ಸುಧಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ. ಕಾಕೂನ ಮೊಣಕಾಲು ನೋವು ಈಗ ಹೇಗಿದೆ? ನಾನಿಲ್ಲಿ ಕಲಿಯುತ್ತಿರುವ ಗಾಜಿನ ಕೆಲಸವನ್ನು ಬೆಳಗಾವಿ ಉದ್ಯಮಬಾಗದ ನಮ್ಮ ಫೌಂಡ್ರಿಯ ಹಿಂದಿನ ಖೋಲಿಯಲ್ಲಿ ಸಣ್ಣದಾಗಿ ಶುರು ಮಾಡಬಹುದೇ ಅಂತ ಸಂಜು ಫೋನಿನಲ್ಲಿ ಕೇಳಿದ್ದ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕೊಳವೆಯಿಂದ ಗಾಜು ಊದುವ ಕೆಲಸ ಬೇಡ, ಅಚ್ಚಿಗೆ ಇಳಿಸುವ ಎರಕದ ಕೆಲಸ ಆಗಬಹುದು. ಯಾಕೆ ಅನ್ನುವುದನ್ನು ನಿಮಗೇ ಬರೆಯುತ್ತಿದ್ದೇನೆ. ಭಟ್ಟಿಯ ಮಾತು ನಿಮಗೆ ಅರ್ಥವಾಗುವಷ್ಟು ಅವನಿಗಿನ್ನೂ ಆಗುವುದಿಲ್ಲ.

ಇಲ್ಲಿ ಪ್ರ್ಯಾಟ್ ಫೈನ್ ಆರ್ಟ್ಸ್ ಸೆಂಟರ್ ಅಂತ ಇದೆ, 1976ರಲ್ಲಿ ಶುರುವಾದದ್ದು. ಗಾಜು, ಕಲ್ಲು ಕೆತ್ತನೆ, ಲೋಹದ ಶಿಲ್ಪ ಎಲ್ಲವನ್ನೂ ಕಲಿಸುತ್ತಾರೆ. ಯಾರು ಬೇಕಾದರೂ ಫೀ ಕಟ್ಟಿ ಕಲಿಯಬಹುದು, ಕೈ ಕುದುರಿದ ಮೇಲೆ ಭಟ್ಟಿ, ಬೆಂಚು ಬಾಡಿಗೆಗೆ ಹಿಡಿದು ಕೆಲಸ ಮಾಡಬಹುದು. ಹೀಗೆ ಹಂಚಿಕೊಳ್ಳದೆ ಗತಿಯಿಲ್ಲ. ಗಾಜು ಕರಗಿಸುವ ಭಟ್ಟಿಯನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವಂತಿಲ್ಲ. ಆರಿಸಿದರೆ ಒಳಗಿನ ಮೂಸೆ ಬಿರಿಯುತ್ತದೆ, ಮತ್ತೆ ಕಾಯಿಸಲು ದಿನಗಟ್ಟಲೆ ಬೇಕು. ಹಾಗಾಗಿ ಕೆಲಸವಿರಲಿ ಬಿಡಲಿ, ತಿಂಗಳುಗಟ್ಟಲೆ ಹಗಲೂ ರಾತ್ರಿ ಗ್ಯಾಸ್ ಉರಿಯುತ್ತಲೇ ಇರುತ್ತದೆ. ಒಬ್ಬನ ಕಿಸೆಗೆ ಆಗುವ ಮಾತಲ್ಲ. ಅಮೆರಿಕದಲ್ಲೂ ಬಹುಪಾಲು ಇದು ಕಾರ್ಖಾನೆಯ ಕೆಲಸವೇ ಆಗಿತ್ತು. 1962ರಲ್ಲಿ ಹಾರ್ವೆ ಲಿಟಲ್‌ಟನ್, ಡೊಮಿನಿಕ್ ಲಬೀನೊ ಎಂಬಿಬ್ಬರು ಟೊಲೀಡೊ ಮ್ಯೂಸಿಯಂನ ಗ್ಯಾರೇಜಿನಲ್ಲಿ ಸಣ್ಣ ಭಟ್ಟಿ ಕಟ್ಟಿ ತೋರಿಸಿದ ಮೇಲೆ ಕಲಾವಿದರ ಕೈಗೂ ಬಂತು. ಮೊದಲು ಅವರು ಕಲಸಿದ ಮಿಶ್ರಣ ಊದಲು ಬಗ್ಗಲಿಲ್ಲವಂತೆ. ಫೈಬರ್‌ಗ್ಲಾಸ್ ತಯಾರಿಕೆಗೆ ಬಳಸುವ ಗಾಜಿನ ಗೋಲಿಗಳನ್ನು ಲಬೀನೊ ತಂದು ಕರಗಿಸಿದ ಮೇಲೆ ಕೆಲಸ ಹತ್ತಿತು.

ಗಾಜು ಊದುವ ಕಾರ್ಯಾಗಾರದಲ್ಲಿ ಬೆಂಕಿ ಮೂರು. ಒಂದು ಕರಗಿದ ಗಾಜು ಇಡುವ ಭಟ್ಟಿ, ಸುಮಾರು 1,120ರಿಂದ 1,150 ಡಿಗ್ರಿ ಸೆಲ್ಸಿಯಸ್. ನೀವು ಸುರಿಯುವ ಗ್ರೇ ಐರನ್ನಿನ (ಎರಕದ ಕಬ್ಬಿಣ) ಬಿಸಿಗಿಂತ ಕಡಿಮೆಯೇ. ಎರಡನೆಯದು ಗ್ಲೋರಿ ಹೋಲ್, ಕೆಲಸದ ನಡುವೆ ತಣ್ಣಗಾಗುವ ಗಾಜನ್ನು ಮತ್ತೆ ಕಾಯಿಸುವ ಬಾಯಿ ತೆರೆದ ಒಲೆ, 1,200ರ ಮೇಲೆ. ಮೂರನೆಯದು ಅನೀಲರ್, ಮುಗಿದ ಸಾಮಾನನ್ನು ನಿಧಾನವಾಗಿ ತಣಿಸುವ, 480ರ ಆಸುಪಾಸಿನ ಪೆಟ್ಟಿಗೆ. ಹೊಸಬರ ಕಣ್ಣೆಲ್ಲ ಮೊದಲೆರಡರ ಮೇಲೆ ಇರುತ್ತದೆ. ನನ್ನ ಮಟ್ಟಿಗೆ ಮೂರನೆಯದೇ ಈ ವಿದ್ಯೆಯ ಅರ್ಧ.

ಗಾಜು ಅಂದರೆ ಸುಮಾರು ಶೇ. 70 ಮರಳು (ನಿಮ್ಮ ಸಿಲಿಕಾ ಸ್ಯಾಂಡೇ), ಶೇ. 15ರಷ್ಟು ಸೋಡಾ, ಶೇ. 10ರಷ್ಟು ಸುಣ್ಣ. ಬರೀ ಮರಳು ಕರಗಬೇಕಾದರೆ 1,700 ಡಿಗ್ರಿ ಬೇಕು. ಸೋಡಾ ಅದನ್ನು ಇಳಿಸುತ್ತದೆ. ಆದರೆ ಸೋಡಾ ಮತ್ತು ಮರಳು ಎರಡೇ ಸೇರಿದರೆ ಆಗುವುದು ಎರಕದೊಳಗೆ ಟೊಳ್ಳು ಬಿಡಲು ನೀವು ಇಡುವ ಮರಳಿನ ಕೋರ್‌ಗೆ ಹಾಕುವ ಸೋಡಿಯಂ ಸಿಲಿಕೇಟ್, ನೀರಿನಲ್ಲಿ ಕರಗುವ ವಸ್ತು. ಸುಣ್ಣ ಬಿದ್ದರೆ ಮಾತ್ರ ಲೋಟ ನೀರಿಗೆ ನಿಲ್ಲುತ್ತದೆ. ಇದು ನಮ್ಮ ನಾಡಿಗೆ ಹೊಸದೇನಲ್ಲ. ಹೊಸದುರ್ಗ ಸೀಮೆಯ ಮತ್ತೋಡಿನಲ್ಲಿ ಸವಳು ಮಣ್ಣಿನ ಸೋಡಾದಿಂದಲೇ ಬಳೆಗೆ ಗಾಜು ಕಾಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ನೋಡಿ ಬರೆದಿಟ್ಟಿದ್ದಾನೆ.

ಇನ್ನು ಊದುವ ಕ್ರಮ. ಕಾಕೂ ಒಲೆ ಊದುವ ಊದುಗೊಳವೆಯ ಹಾಗೇ, ಆದರೆ ಸ್ಟೇನ್‌ಲೆಸ್ ಸ್ಟೀಲಿನದು, ಒಂದೂವರೆ ಮೀಟರ್ ಉದ್ದ. ತುದಿಯನ್ನು ಮೊದಲು ಮಂದ ಕೆಂಪಾಗುವಷ್ಟು ಕಾಯಿಸಬೇಕು, ತಣ್ಣಗಿನ ಕಬ್ಬಿಣಕ್ಕೆ ಗಾಜು ಹತ್ತುವುದಿಲ್ಲ. ಭಟ್ಟಿಯ ಗಾಜಿನ ಮೇಲ್ಮೈಗೆ ತುದಿ ಓರೆಯಾಗಿ ತಾಗಿಸಿ ಒಂದೆರಡು ಸುತ್ತು ತಿರುಗಿಸಿದರೆ ಗಾಜು ಸುತ್ತಿಕೊಳ್ಳುತ್ತದೆ. ಎತ್ತಿದ ಕ್ಷಣದಿಂದ ಕೊಳವೆಯನ್ನು ತಿರುಗಿಸುವುದು ನಿಲ್ಲಿಸುವಂತಿಲ್ಲ. ಆ ಬಿಸಿಯಲ್ಲಿ ಗಾಜು ಜೇನುತುಪ್ಪದ ಹಾಗೆ ಇಳಿಯುತ್ತಿರುತ್ತದೆ, ನಿಂತರೆ ಒಂದೇ ಕಡೆ ಜೋಲುತ್ತದೆ. ಮಾರ್ವರ್ ಅನ್ನುವ ನುಣುಪಾದ ಉಕ್ಕಿನ ಮೇಜಿನ ಮೇಲೆ ಉರುಳಿಸಿ ಹೊರಮೈಯನ್ನು ಸ್ವಲ್ಪ ತಣಿಸಿ, ಒಮ್ಮೆ ಊದಿ ತಕ್ಷಣ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಮುಚ್ಚಬೇಕು. ಗುಳ್ಳೆ ಎಬ್ಬಿಸಲು ಕೆನ್ನೆ ಉಬ್ಬಿಸಿ ಜೋರಾಗಿ ಊದಬೇಕು ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ, ಒಳಗೆ ಸಿಕ್ಕಿದ ಗಾಳಿ ಕಾದು ತಾನೇ ಹಿಗ್ಗುತ್ತದೆ, ಗುಳ್ಳೆ ಕಣ್ಣೆದುರೇ ಏಳುತ್ತದೆ. ಬಣ್ಣ ಬೇಕಾದರೆ ಈ ಹಂತದಲ್ಲೇ ಬಣ್ಣದ ಗಾಜಿನ ನುಚ್ಚಿನ ಮೇಲೆ ಉರುಳಿಸಿ ಕಾಯಿಸಿ ಕೂಡಿಸುತ್ತಾರೆ. ಆಮೇಲೆ ಅದರ ಮೇಲೊಂದು ಬಣ್ಣವಿಲ್ಲದ ತಿಳಿ ಗಾಜಿನ ಪದರ ಎತ್ತಿಕೊಳ್ಳುತ್ತಾರೆ.

ಆಕಾರ ಕೊಡುವ ಉಪಕರಣ ಕೆಲವೇ. ಚೆರ್ರಿ ಮರದ ಸೌಟಿನಂಥ ಬ್ಲಾಕ್ ಸದಾ ನೀರಿನಲ್ಲಿ ನೆನೆದಿರುತ್ತದೆ. ಗಾಜು ಕುಳಿತಾಗ ನಡುವೆ ಆವಿ ಏಳುವುದರಿಂದ ಮರ ಬೇಗ ಸುಡುವುದಿಲ್ಲ, ಗಾಜಿಗೆ ಗೀರು ಬೀಳುವುದಿಲ್ಲ. ಅದಕ್ಕಿಂತ ಒಳ್ಳೆಯದು ಒದ್ದೆ ಪೇಪರು. ದಿನಪತ್ರಿಕೆಯನ್ನು ಅಂಗೈಯಗಲಕ್ಕೆ ದಪ್ಪಗೆ ಮಡಚಿ ನೀರಲ್ಲಿ ನೆನೆಸಿ, ಉರಿಯುವ ಗಾಜನ್ನು ಅದರಲ್ಲೇ ಹಿಡಿದು ತೀಡುತ್ತಾರೆ. ಹೊಳೆಯುವ ಬಣ್ಣದ ಹಾಳೆ ನಡೆಯದು. ಕತ್ತು ಕಿರಿದು ಮಾಡಲು, ಬಾಯಿ ಅಗಲಿಸಲು ಜ್ಯಾಕ್ ಎಂಬ ಎರಡಲಗಿನ ದೊಡ್ಡ ಚಿಮಟ. ಅಲಗಿಗೆ ಜೇನುಮೇಣ ಸವರದಿದ್ದರೆ ಗಾಜಿಗೆ ಉಜ್ಜಿದ ಗುರುತು ಉಳಿಯುತ್ತದೆ.

ತಳ ತಟ್ಟಿ ಸಮ ಮಾಡಿದ ಮೇಲೆ ಬರುವುದು ನಿಜವಾದ ಪರೀಕ್ಷೆ. ಲೋಟದ ಬಾಯಿ ಇನ್ನೂ ಕೊಳವೆಗೆ ಅಂಟಿದೆ, ಅದನ್ನು ಬಿಡಿಸಿ ತಳದ ಕಡೆಯಿಂದ ಹಿಡಿಯಬೇಕು. ಜೊತೆಗಾರ ಪಂಟಿ ಅನ್ನುವ ಗಟ್ಟಿ ಸರಳಿನ ತುದಿಗೆ ಚೂರು ಬಿಸಿ ಗಾಜು ತಂದು ತಳದ ನಟ್ಟನಡುವೆ ಅಂಟಿಸುತ್ತಾನೆ. ಆಮೇಲೆ ಕತ್ತಿನ ಗೆರೆಗೆ ಒಂದೆರಡು ಹನಿ ನೀರು, ಕೊಳವೆಗೊಂದು ಸಣ್ಣ ಪೆಟ್ಟು, ಲೋಟ ಪಂಟಿಗೆ ಬಂತು. ಹೇಳಲು ಸುಲಭ. ಪಂಟಿಯ ಗಾಜು ಹೆಚ್ಚು ಬಿಸಿಯಿದ್ದರೆ ತಳದಲ್ಲಿ ಬೆಸೆದುಹೋಗಿ ಕೊನೆಗೆ ಬಿಡಿಸುವಾಗ ತಳದ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಹೆಚ್ಚು ತಣ್ಣಗಿದ್ದರೆ ನಡುದಾರಿಯಲ್ಲಿ ಲೋಟ ನೆಲಕ್ಕೆ. ಕತ್ತಿನ ಗೆರೆಯನ್ನು ಉಳಿದೆಲ್ಲ ಕಡೆಗಿಂತ ಕಿರಿದಾಗಿ ಮೊದಲೇ ಕೊರೆಯದಿದ್ದರೆ ಒಡೆತ ಗೆರೆ ಬಿಟ್ಟು ಲೋಟದ ಮೈಗೆ ಓಡುತ್ತದೆ. ಇನ್ನೊಂದು ತಪ್ಪು ಎಲ್ಲರೂ ಮಾಡುವಂಥದು: ಬಾಯಿ ಅಗಲಿಸುವ ಉತ್ಸಾಹದಲ್ಲಿ ಬಾಯನ್ನಷ್ಟೇ ಕಾಯಿಸಿ ತಳವನ್ನು ಮರೆಯುವುದು. ತಳ 500ರ ಕೆಳಗಿಳಿದಿತೋ, ಟಿಕ್ ಅಂತ ಸದ್ದು. ಆಮೇಲೆ ಏನೂ ಮಾಡುವಂತಿಲ್ಲ. ಅದಕ್ಕೇ ನಿಮಿಷಕ್ಕೊಮ್ಮೆ ಇಡೀ ಲೋಟವನ್ನು ಗ್ಲೋರಿ ಹೋಲಿಗೆ ತೋರಿಸಿ ತರುತ್ತಿರಬೇಕು.

ಈಗ ಮೂರನೆಯ ಬೆಂಕಿ. ನಿಮ್ಮ ಕಬ್ಬಿಣ ಒಂದು ಹಂತಕ್ಕೆ ಬಂದಾಗ ಗಟ್ಟಿಯಾಗುತ್ತದೆ, ಅಲ್ಲಿಗೆ ಮುಗಿಯಿತು. ಗಾಜಿಗೆ ಅಂಥ ಹಂತವೇ ಇಲ್ಲ. ನೂರಾರು ಡಿಗ್ರಿ ಇಳಿಯುತ್ತಾ ಇಳಿಯುತ್ತಾ ನಿಧಾನವಾಗಿ ಬಿಗಿಯುತ್ತದೆ. ಹೊರಮೈ ಮೊದಲು ಬಿಗಿದು ಒಳಗು ಆಮೇಲೆ ಬಿಗಿದರೆ ಒಳಗೊಂದು ಎಳೆತ ಕೂತುಬಿಡುತ್ತದೆ. ಲೋಹದಲ್ಲಿ ಸ್ವಲ್ಪ ಬಾಗಿ ಆ ಎಳೆತ ಸಡಿಲವಾಗಬಹುದು, ಗಾಜಿಗೆ ಬಾಗುವುದು ಗೊತ್ತಿಲ್ಲ. ಇವತ್ತು ಚೆನ್ನಾಗಿದ್ದದ್ದು ವಾರದ ಮೇಲೆ ಶೆಲ್ಫಿನಲ್ಲಿ ಕೂತಲ್ಲೇ ಸೀಳುತ್ತದೆ. ಹಾಗಾಗಿ ಮುಗಿದ ಸಾಮಾನನ್ನು 480ರಲ್ಲಿ ಒಳಹೊರಗು ಒಂದೇ ಬಿಸಿಗೆ ಬರುವ ತನಕ ಇಟ್ಟು, ಅಲ್ಲಿಂದ ತಡೆದು ತಡೆದು ಇಳಿಸಬೇಕು. ತೆಳು ಲೋಟಕ್ಕೆ ಗಂಟೆ ಸಾಕು, ರಾತ್ರಿ ಕಳೆಯುವುದರೊಳಗೆ ಹೊರಗೆ ಬರುತ್ತದೆ. ದಪ್ಪ ಸಾಮಾನಿಗೆ ಹಾಗಾಗದು. ಕಲಾಕೆಲಸದ ಗಾಜು ತಯಾರಿಸುವ ಬುಲ್ಸ್‌ಐ ಕಂಪನಿ ತನ್ನ ಗಾಜಿಗೆ ಕೊಡುವ ಲೆಕ್ಕದಲ್ಲಿ, 25 ಮಿ.ಮೀ. ದಪ್ಪಕ್ಕೆ 482 ಡಿಗ್ರಿಯಲ್ಲಿ 4 ಗಂಟೆ ನಿಲ್ಲಿಸಿ ಮೊದಲು ಗಂಟೆಗೆ 15 ಡಿಗ್ರಿಯಂತೆ ಇಳಿಸಬೇಕು; 50 ಮಿ.ಮೀ. ಆದರೆ 8 ಗಂಟೆ ನಿಲುಗಡೆ, ಇಳಿತ ಗಂಟೆಗೆ 3.8 ಡಿಗ್ರಿ ಮಾತ್ರ. ಅಂದರೆ ದಪ್ಪ ಎರಡರಷ್ಟಾದರೆ ವೇಗ ಕಾಲು ಭಾಗಕ್ಕೆ. ಅದೂ ಎರಡೂ ಕಡೆ ಸಮನಾಗಿ ತಣಿಯುವ ಹಲಗೆಗೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಮೂರ್ತಿಗೆ ದಪ್ಪ ಭಾಗಕ್ಕಿಂತಲೂ ಹೆಚ್ಚಿನ ಲೆಕ್ಕ ಹಿಡಿಯುವುದು ಕ್ಷೇಮ.

ಸಂಜುಗೆ ಎರಕ ಹೇಳಿದ್ದು ಯಾಕೆಂದರೆ, ಅದಕ್ಕೆ ಸದಾ ಉರಿಯುವ ಭಟ್ಟಿ ಬೇಡ. ಕಂಟ್ರೋಲರ್ ಇರುವ ಒಂದು ವಿದ್ಯುತ್ ಗೂಡು ಇದ್ದರೆ ಕರಗಿಸುವುದು, ತಣಿಸುವುದು ಎರಡೂ ಅದರಲ್ಲೇ. ಮೇಣದ ಮೂರ್ತಿ ಮಾಡಿ, ಅದರ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿ ಸಮತೂಕದಲ್ಲಿ ಕಲಸಿ ಸುರಿಯಬೇಕು. 2 ಕೆ.ಜಿ. ಪುಡಿಗೆ ಸುಮಾರು 1 ಲೀಟರ್ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕೇ ಹೊರತು ನೀರನ್ನು ಪುಡಿಗಲ್ಲ, ಇಲ್ಲದಿದ್ದರೆ ಗಂಟು, ಗುಳ್ಳೆ. ಗೋಡೆ ಎರಡೂವರೆ ಸೆಂ.ಮೀ.ಗೆ ಕಡಿಮೆ ಇರಬಾರದು. ಮೇಣವನ್ನು ಆವಿ ಕೊಟ್ಟು ಇಳಿಸಿ ತೆಗೆಯುತ್ತಾರೆ. ಸುಟ್ಟು ತೆಗೆದರೆ ಮಸಿ ಉಳಿದು ಗಾಜಿಗೆ ಹತ್ತುತ್ತದೆ. ಎಷ್ಟು ಗಾಜು ಬೇಕು ಅನ್ನುವುದಕ್ಕೆ ಖಾಲಿಯಾದ ಅಚ್ಚಿಗೆ ನೀರು ತುಂಬಿ ಅಳೆಯಿರಿ: ಎಷ್ಟು ಮಿ.ಲೀ.ಯೋ ಅದರ ಎರಡೂವರೆ ಪಟ್ಟು ಗ್ರಾಂ ಗಾಜು. ಅಚ್ಚು ನೀರು ಹೀರುವುದರಿಂದ ಬೇಗ ಅಳೆದು ಚೆಲ್ಲಬೇಕು. ಅದಕ್ಕಿಂತ ಮೇಣವನ್ನೇ ಮೊದಲು ತೂಗಿ ಸುಮಾರು 2.75ರಿಂದ ಗುಣಿಸುವುದು ಸುಲಭ. ಮೇಣದ ತೂಕದ ಮೇಲೆ ಲೋಹದ ತೂಕ ಹಿಡಿಯುವ ಇದೇ ಕ್ರಮವನ್ನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಹೇಳಿದೆ, ಹನ್ನೆರಡನೆಯ ಶತಮಾನದಲ್ಲಿ.

ಇದರಲ್ಲಿ ಕರಗಿದ್ದನ್ನು ಸುರಿಯುವ ಲ್ಯಾಡಲ್ (ದೊಡ್ಡ ಸೌಟು) ಇಲ್ಲ. ಅಚ್ಚಿನ ಬಾಯಿಯ ಮೇಲೆ ತಳದಲ್ಲಿ ತೂತಿರುವ ಮಣ್ಣಿನ ಹೂಕುಂಡ ಇಟ್ಟು ಅದರ ತುಂಬ ಗಾಜಿನ ತುಂಡು ಹಾಕುತ್ತಾರೆ. ಕುಂಡಕ್ಕೆ ಅಂಟಿಕೊಂಡು ಉಳಿಯುವ ಗಾಜಿನ ಲೆಕ್ಕವನ್ನೂ ತೂಕಕ್ಕೆ ಸೇರಿಸಿಕೊಳ್ಳಬೇಕು. 100 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ಅಚ್ಚಿನ ನೀರು ಓಡಿಸಿದ ಮೇಲೆ ನಿಧಾನಕ್ಕೆ ಏರಿಸುತ್ತಾ 830ಕ್ಕೆ ಒಯ್ದರೆ ಗಾಜು ತೂತಿನಿಂದ ಎಳೆಯಾಗಿ ಇಳಿಯುತ್ತದೆ. ಕಬ್ಬಿಣದ ಹಾಗೆ ಮೂಲೆಮೂಲೆಗೆ ಓಡುವ ವಸ್ತು ಅಲ್ಲ ಇದು, ಮೂರ್ತಿಯ ಬೆರಳು ಮೂಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿದಾರಿ ಬಿಡುವುದು ನಿಮಗೆ ಹೇಳಿಕೊಡಬೇಕಿಲ್ಲ. ತುಂಬಿದ ಮೇಲೆ 700ರ ಕೆಳಗೆ ಬೇಗ ಇಳಿಸಿಬಿಡಬೇಕು. 700-800ರ ನಡುವೆ ತಂಗಿದರೆ ಮೇಲ್ಮೈ ಹರಳುಗಟ್ಟಿ ಬೆಳ್ಳಗೆ ಮಂಕಾಗುತ್ತದೆ.

ಕರೆಂಟಿನದು ಯೋಚಿಸಬೇಕಾದ ವಿಷಯ. ತಣಿಯುವ ಹೊತ್ತಿನಲ್ಲಿ ಲೈನ್ ಹೋದರೆ ಮುಚ್ಚಳ ತೆಗೆಯಲೇಬಾರದು. ಬಂದ ಮೇಲೆ ಒಳಗಿನ ಬಿಸಿ ನೋಡಿ ನಿಧಾನವಾಗಿ ಮತ್ತೆ 482ಕ್ಕೆ ಏರಿಸಿ ನಿಲುಗಡೆಯನ್ನು ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಫೈಬರ್ ಗೂಡಿಗಿಂತ ಇಟ್ಟಿಗೆಯ ಗೂಡು ಒಳ್ಳೆಯದು, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಕಂಟ್ರೋಲರ್ ಲೈನ್ ಬಂದ ಮೇಲೆ ಹೀಗೆ ನಡುವಿನ ಹಂತದಿಂದ ಶುರು ಮಾಡಲು ಬರುವಂಥದ್ದಾಗಿರಲಿ.

ಗಾಜು ಎಲ್ಲಿಂದ? ಬಾಟಲಿ ಚೂರು ಸಿಗುತ್ತದೆ ಅಂತ ಸಂಜು ಹೇಳಿದ. ಸಿಕ್ಕ ಸಿಕ್ಕ ಬಾಟಲಿ ಕೂಡಿಸಿದರೆ ಕೆಲಸ ಕೆಟ್ಟಿತು. ಪ್ರತಿ ಗಾಜೂ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ. ಇಲ್ಲಿ ಊದುವ ಗಾಜಿಗೆ 96 ಅನ್ನುವ ಅಂಕಿ, ಲ್ಯಾಬಿನ ಬೋರೊಸಿಲಿಕೇಟ್‌ಗೆ 33. ಹೊಂದದ ಎರಡು ಗಾಜು ಕರಗಿ ಒಂದಾದಂತೆ ಕಂಡರೂ ತಣಿದ ಮೇಲೆ ಒಂದನ್ನೊಂದು ಸೀಳುತ್ತವೆ. ಪರೀಕ್ಷೆ ಸುಲಭ: ಎರಡರ ಚೂರನ್ನೂ ಅಕ್ಕಪಕ್ಕ ಬೆಸೆದು ಬಿಸಿಯಿರುವಾಗಲೇ ಚಿಮಟದಿಂದ ಉದ್ದ ಎಳೆ ಎಳೆಯಬೇಕು. ತಣಿದ ಎಳೆ ನೆಟ್ಟಗಿದ್ದರೆ ಹೊಂದುತ್ತವೆ, ಬಿಲ್ಲಿನಂತೆ ಬಾಗಿದರೆ ಇಲ್ಲ. ಬಾಟಲಿಯೇ ಆಗಬೇಕೆಂದರೆ ಒಂದೇ ಕಂಪನಿಯ ಒಂದೇ ಬಣ್ಣದ್ದು ಆರಿಸಿ, ಲೇಬಲ್ಲಿನ ಗೋಂದು, ಮುಚ್ಚಳದ ಅಲ್ಯೂಮಿನಿಯಂ ಉಂಗುರ ಪೂರ್ತಿ ತೆಗೆಯಲಿ. ಬಾಟಲಿ ಗಾಜು ಇನ್ನೂ ಬಿರುಸು, ಬಿಸಿ ಹೆಚ್ಚು ಕೇಳುತ್ತದೆ, ಮಂಕಾಗುವುದೂ ಬೇಗ. ಕಲಿಯುವಾಗ ಅಂಗೈಗಿಂತ ದೊಡ್ಡದು ಬೇಡ.

ಸಿಲಿಕಾ ಧೂಳಿನ ವಿಚಾರ ಅವನಿಗೆ ನೀವೇ ಬಾಯಿಬಿಟ್ಟು ಹೇಳಿ, ನಾನು ಹೇಳಿದರೆ ನಗುತ್ತಾನೆ. ಪುಡಿ ಕಲಸುವಾಗ, ಒಣ ಅಚ್ಚು ಒಡೆಯುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು, ಬಟ್ಟೆ ಕಟ್ಟಿಕೊಂಡರೆ ಸಾಲದು. ಗಾಜು ಉಜ್ಜುವುದೆಲ್ಲ ನೀರು ಬಿಟ್ಟುಕೊಂಡೇ: ಒರಟಾದ 60 ನಂಬರಿನ ಉಜ್ಜುಪುಡಿಯಿಂದ ಶುರುಮಾಡಿ 120, 220, 400, 600, ಕೊನೆಗೆ ಪಾಲಿಶ್‌ಗೆ ಸೀರಿಯಂ ಆಕ್ಸೈಡ್ ಪುಡಿ. ನಡುವೆ ಒಂದು ಹಂತ ಹಾರಿಸಿದರೆ ಹಿಂದಿನ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ.

ಹಿಂದಿನ ಖೋಲಿಗೆ ತ್ರೀ ಫೇಸ್ ಎಳೆದಿದ್ದೀರಾ, ಎಷ್ಟು ಕಿಲೋವಾಟ್ ಮಿಗುತ್ತದೆ ಅಂತ ತಿಳಿಸಿ. ಒಳಗೆ ಒಂದೂವರೆ ಅಡಿ ಇರುವ ಗೂಡಿಗೆ 6-7 ಕಿಲೋವಾಟ್ ಬೇಕು. ಅದು ತಿಳಿದ ಮೇಲೆ ಗೂಡಿನ ಅಳತೆ, ಕಾಯಿಲ್ ಎಲ್ಲ ಲೆಕ್ಕ ಹಾಕಿ ಇನ್ನೊಂದು ಪತ್ರ ಬರೆಯುತ್ತೇನೆ. ಅಪ್ಪ, ಅವ್ವನಿಗೆ ಬೇರೆ ಬರೆದಿದ್ದೇನೆ. ಕಾಕೂಗೆ ನಮಸ್ಕಾರ, ಸಂಜುಗೆ ಆಶೀರ್ವಾದ.

ನಿಮ್ಮ
ಸುಧಾ